ಸ್ಪ್ರೈಟ್ ನಡೆಸುವುದು: ಮೊದಲು ಚಲನೆ, ಆಮೇಲೆ ಚಿತ್ರ

ಪಿಕ್ಸೆಲ್ ಸ್ಪ್ರೈಟ್‌ಗೆ (ಗೇಮ್‌ನಲ್ಲಿ ಓಡಾಡುವ ಪಾತ್ರದ ಪುಟ್ಟ ಚಿತ್ರಕ್ಕೆ) ಅನಿಮೇಷನ್ ಮಾಡುವಾಗ ಕಣ್ಣು, ಗುಂಡಿ, ಬಟ್ಟೆಯ ನೆರಿಗೆಗಳನ್ನು ನಾನು ಕೊನೆಗೆ ಬಿಡುತ್ತೇನೆ. ಅವೆಲ್ಲ ಬಿಡಿಸಿ ಮುಗಿದ ಮೇಲೆ ಕಾಲನ್ನು ಒಂದೇ ಒಂದು ಪಿಕ್ಸೆಲ್ ಸರಿಸಬೇಕಾಗಿ ಬಂದರೂ ಫ್ರೇಮ್ ಫ್ರೇಮ್ ತಿದ್ದುತ್ತಾ ಕೂರಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಇರುವುದು ಬರೀ ಬಣ್ಣದ ತುಂಡುಗಳು: ತಲೆ, ಮುಂಡ, ಕೈ, ಕಾಲು.

32 ಪಿಕ್ಸೆಲ್ ಎತ್ತರದ ಪಾತ್ರಕ್ಕೆ 48×48ರ ಕ್ಯಾನ್ವಾಸ್ ಇಟ್ಟುಕೊಳ್ಳುತ್ತೇನೆ. ಕತ್ತಿ ಬೀಸಿದಾಗ, ನೆಗೆದಾಗ ಆಚೀಚೆ ಜಾಗ ಬೇಕು. ನಡುವೆ ಕ್ಯಾನ್ವಾಸ್ ಹಿಗ್ಗಿಸಿದರೆ ಪಾದದ ಸ್ಥಾನ ಬದಲಾಗಿ, ಗೇಮ್‌ನಲ್ಲಿ ಒಂದು ಅನಿಮೇಷನ್‌ನಿಂದ ಇನ್ನೊಂದಕ್ಕೆ ಹೋಗುವಾಗ ಪಾತ್ರ ಕುಪ್ಪಳಿಸುತ್ತದೆ. ಬೇರೆ ಲೇಯರ್‌ನಲ್ಲಿ ಕಣ್ಣಿಗೆ ರಾಚುವ ಬಣ್ಣದ ಒಂದು ನೆಲದ ಗೆರೆಯೂ ಇರಲಿ.

ಪಕ್ಕದಿಂದ ಕಾಣುವ ನಡಿಗೆಗೆ ಎಂಟು ಫ್ರೇಮ್ ಸಾಕು. ಪಾದ ಊರುವುದು, ಮೈಭಾರ ಕೆಳಗಿಳಿಯುವುದು, ಒಂದು ಕಾಲು ಇನ್ನೊಂದನ್ನು ದಾಟುವುದು, ಮೈ ಮೇಲೇಳುವುದು. ಈ ನಾಲ್ಕು ಭಂಗಿಗಳನ್ನೇ ಕಾಲು ಅದಲುಬದಲು ಮಾಡಿ ಇನ್ನೊಮ್ಮೆ ಬಳಸಬೇಕು. ಹತ್ತಿರದ ಕಾಲಿಗೊಂದು, ದೂರದ ಕಾಲಿಗೊಂದು ಬಣ್ಣ ಕೊಡುವುದು ಕಡ್ಡಾಯ. ಎರಡೂ ಒಂದೇ ಬಣ್ಣದಲ್ಲಿದ್ದರೆ ದಾಟುವ ಫ್ರೇಮ್‌ನಲ್ಲಿ ಯಾವುದು ಯಾವ ಕಾಲು ಎಂದು ತಿಳಿಯದೆ, ಪಾತ್ರ ಒಂದೇ ಕಾಲನ್ನು ಮತ್ತೆ ಮತ್ತೆ ಮುಂದಿಟ್ಟಂತೆ ಕಾಣುತ್ತದೆ. ಈ ಅಳತೆಯಲ್ಲಿ ತಲೆಯ ಏರಿಳಿತಕ್ಕೆ ಒಂದು ಪಿಕ್ಸೆಲ್ ಸಾಕು. ಮುಂಡ ಇಳಿದ ಮರುಫ್ರೇಮ್‌ನಲ್ಲಿ ತಲೆ ಇಳಿಯಲಿ, ಆಗ ಮೈಗೆ ತೂಕ ಬರುತ್ತದೆ.

ಹೆಚ್ಚಿನ ನಡಿಗೆಗಳು ಕೆಡುವುದು ಪಾದ ಜಾರಿದಂತೆ ಕಾಣುವುದರಿಂದ. ಇದಕ್ಕೆ ಮದ್ದು ಬರೀ ಲೆಕ್ಕ. ನೆಲಕ್ಕೂರಿದ ಪಾದ ಕ್ಯಾನ್ವಾಸ್‌ನಲ್ಲಿ ಪ್ರತಿ ಫ್ರೇಮ್‌ಗೂ ಒಂದೇ ಸಮನೆ ಹಿಂದೆ ಸರಿಯಬೇಕು. ಅದು 3 ಪಿಕ್ಸೆಲ್‌ನಂತೆ ಸರಿದರೆ ಎಂಟು ಫ್ರೇಮ್‌ಗೆ ಪಾತ್ರ ಮುಂದೆ ಹೋಗುವುದು 24 ಪಿಕ್ಸೆಲ್. ಒಂದೊಂದು ಫ್ರೇಮ್ 100 ಮಿಲಿಸೆಕೆಂಡ್ ಇದ್ದರೆ ಸುತ್ತು ಮುಗಿಯಲು 0.8 ಸೆಕೆಂಡ್, ಅಂದರೆ ಪಾತ್ರದ ವೇಗ ಸೆಕೆಂಡಿಗೆ 30 ಪಿಕ್ಸೆಲ್. ಗೇಮ್‌ನಲ್ಲಿ ವೇಗ 45 ಬೇಕೆಂದಾದರೆ ಫ್ರೇಮ್‌ನ ಅವಧಿಯನ್ನು ಸುಮಾರು 67ಕ್ಕೆ ಇಳಿಸಬೇಕು, ಇಲ್ಲವೇ ಹೆಜ್ಜೆಯನ್ನು ಉದ್ದ ಮಾಡಬೇಕು. ಪಾದ ಒಂದು ಫ್ರೇಮ್‌ನಲ್ಲಿ 2, ಮುಂದಿನದರಲ್ಲಿ 4 ಪಿಕ್ಸೆಲ್ ಸರಿದರೆ ಸರಾಸರಿ ಸರಿಯಿದ್ದರೂ ಜಾರಿಕೆ ಕಂಡೇ ಕಾಣುತ್ತದೆ.

ಹೊಡೆತದ ವಿಷಯದಲ್ಲಿ ಫ್ರೇಮ್‌ಗಳ ಸಂಖ್ಯೆಗಿಂತ ಅವುಗಳ ಅವಧಿಯೇ ಮುಖ್ಯ. ನಾನು ಸಾಮಾನ್ಯವಾಗಿ ಕತ್ತಿ ಹಿಂದಕ್ಕೆಳೆದ ಭಂಗಿಗೆ 160, ಬೀಸುವ ಫ್ರೇಮ್‌ಗೆ 40, ಹೊಡೆದು ನಿಂತ ಭಂಗಿಗೆ 120, ವಾಪಸ್ ಬರುವ ಎರಡು ಫ್ರೇಮ್‌ಗೆ ತಲಾ 80 ಮಿಲಿಸೆಕೆಂಡ್ ಕೊಡುತ್ತೇನೆ. ಬೀಸುವ ಫ್ರೇಮ್‌ನಲ್ಲಿ ಕತ್ತಿಯೇ ಇರುವುದಿಲ್ಲ, ಅದು ಸಾಗಿದ ದಾರಿಯ ಬಿಳಿ ಕಮಾನು ಮಾತ್ರ. ಹೊಡೆತ ಸಪ್ಪೆ ಎನಿಸಿದರೆ ನಡುವೆ ಫ್ರೇಮ್ ತುರುಕಬೇಡಿ, ಅದರಿಂದ ಇನ್ನಷ್ಟು ಮೆತ್ತಗಾಗುತ್ತದೆ. ಕತ್ತಿ ಹಿಂದಕ್ಕೆಳೆದ ಭಂಗಿಯನ್ನು ಹೆಚ್ಚು ಹೊತ್ತು ನಿಲ್ಲಿಸಿ ನೋಡಿ. ಆದರೆ ಆಟಗಾರ ಆಡಿಸುವ ಪಾತ್ರಕ್ಕೆ ಈ 160 ಭಾರವಾಗಬಹುದು. ಬಟನ್ ಒತ್ತಿದ ಮೇಲೆ ತಡವಾಯಿತು ಎನಿಸದಂತೆ 60–80ಕ್ಕೆ ಇಳಿಸುತ್ತೇನೆ. ಶತ್ರುವಿಗಾದರೆ 300 ದಾಟಿದರೂ ಒಳ್ಳೆಯದೇ, ಎದುರಿನವನಿಗೆ ತಪ್ಪಿಸಿಕೊಳ್ಳಲು ಅಷ್ಟು ಸಮಯ ಬೇಕು.

ನಿಂತಲ್ಲೇ ಉಸಿರಾಡುವ ಅನಿಮೇಷನ್ ನನಗೆ ಎಲ್ಲಕ್ಕಿಂತ ಇಷ್ಟ. ಇಡೀ ಎದೆಯನ್ನು ಒಂದು ಪಿಕ್ಸೆಲ್ ಎತ್ತಿದರೆ 32 ಪಿಕ್ಸೆಲ್‌ನ ಪಾತ್ರದಲ್ಲಿ ಅದು ಏದುಸಿರಿನಂತೆ ಕಾಣುತ್ತದೆ. ಅದರ ಬದಲು ಹೊರಗೆರೆ ಮುಟ್ಟದೆ ಬೆಳಕು ನೆರಳಿನ ಗಡಿಯನ್ನು ಮಾತ್ರ ಸರಿಸಬೇಕು. ಎದೆಯ ಮೇಲೆ ತಿಳಿಬಣ್ಣ ಒಂದು ಸಾಲಿದ್ದರೆ ಮುಂದಿನ ಫ್ರೇಮ್‌ನಲ್ಲಿ ಅದರ ಕೆಳಗಿನ ಸಾಲಿನ ಒಂದೆರಡು ಪಿಕ್ಸೆಲ್‌ಗೆ ನಡುಬಣ್ಣ, ಅದರ ಮುಂದಿನದರಲ್ಲಿ ಅವಕ್ಕೂ ತಿಳಿಬಣ್ಣ. ಅರ್ಧ ಪಿಕ್ಸೆಲ್ ಸರಿದ ಹಾಗೆ ಕಣ್ಣು ನಂಬುತ್ತದೆ. ಇದಕ್ಕಾಗಿ ಹೊಸ ಬಣ್ಣ ಸೇರಿಸಬಾರದು, ಪ್ಯಾಲೆಟ್‌ನಲ್ಲಿ ಇರುವುದರಲ್ಲೇ ಮಾಡಬೇಕು.

ವಿವರ ತುಂಬಿದ ಮೇಲೆ ಒಂದೇ ಫ್ರೇಮ್‌ನಲ್ಲಿ ಕಾಣಿಸಿ ಮಾಯವಾಗುವ ಒಂಟಿ ಪಿಕ್ಸೆಲ್‌ಗಳನ್ನು ಹುಡುಕಿ ತೆಗೆಯಬೇಕು, ಮಿನುಗುವುದು ಅವುಗಳಿಂದಲೇ. ಇದನ್ನು ಆಟದಲ್ಲಿ ಕಾಣುವ ಅಳತೆಯಲ್ಲೇ ನೋಡಬೇಕು. 800 ಪ್ರತಿಶತ ಜೂಮ್‌ನಲ್ಲಿ ಚಲನೆಯ ದೋಷ ತಿಳಿಯುವುದಿಲ್ಲ. ಆನಿಯನ್ ಸ್ಕಿನ್ (ಹಿಂದಿನ ಮುಂದಿನ ಫ್ರೇಮ್‌ಗಳನ್ನು ಮಸುಕಾಗಿ ತೋರಿಸುವ ಸೌಲಭ್ಯ) ಕೂಡ ಭಂಗಿಯ ಅಂತರ ತೋರಿಸುತ್ತದೆಯೇ ಹೊರತು ಲಯವನ್ನಲ್ಲ, ಲಯ ಬೇಕಾದರೆ ಲೂಪ್ ಓಡಿಸಿಯೇ ನೋಡಬೇಕು.

ಸ್ಪ್ರೈಟ್ ಶೀಟ್ (ಎಲ್ಲ ಫ್ರೇಮ್‌ಗಳನ್ನು ಜೋಡಿಸಿದ ಒಂದೇ ಚಿತ್ರ) ತೆಗೆಯುವಾಗ ಫ್ರೇಮ್‌ಗಳ ನಡುವೆ 1–2 ಪಿಕ್ಸೆಲ್ ಖಾಲಿ ಜಾಗ ಬಿಡಿ, ಇಲ್ಲದಿದ್ದರೆ ಪಕ್ಕದ ಫ್ರೇಮ್‌ನ ಬಣ್ಣ ಅಂಚಿಗೆ ನುಸುಳಬಹುದು. ಪಿಕ್ಸೆಲ್ ಮಸುಕಾಗದಿರಲು, ಗೇಮ್ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಫಿಲ್ಟರ್ ಮೋಡ್ ಪಾಯಿಂಟ್ (Point), ಕಂಪ್ರೆಷನ್ ನನ್ (None) ಇಡಿ. ಅಂಥದ್ದೇ ಇನ್ನೊಂದಾದ ಗೊಡಾಟ್‌ನಲ್ಲಿ ಫಿಲ್ಟರ್ ನಿಯರೆಸ್ಟ್ (Nearest). ಅನಿಮೇಷನ್ ತೋರಿಸಲು ಜಿಫ್ ಮಾಡುವುದಾದರೆ ಅದರಲ್ಲಿ ಅವಧಿ ಸೆಕೆಂಡಿನ ನೂರನೇ ಭಾಗಗಳಲ್ಲಿ ಮಾತ್ರ ಉಳಿಯುತ್ತದೆ ಎನ್ನುವುದು ನೆನಪಿರಲಿ: 67 ಮಿಲಿಸೆಕೆಂಡ್ ಎಂದಿಟ್ಟ ಫ್ರೇಮ್ ಅಲ್ಲಿ 60 ಇಲ್ಲವೇ 70 ಆಗಿಬಿಡುತ್ತದೆ.