ಮಳೆ ನಕ್ಷತ್ರಕ್ಕೊಂದು ಪದ್ಯ

ಶ್ರೀನಿವಾಸಪುರದ ಹತ್ತಿರ ನಮ್ಮೂರು. ಎರಡು ವರ್ಷದಿಂದ ಮಳೆ ನಕ್ಷತ್ರಕ್ಕೊಂದು ಪುಟ್ಟ ಪದ್ಯ ಬರೆಯುತ್ತಿದ್ದೇನೆ. ಮೂರೇ ಸಾಲು, ಜಪಾನಿನ ಪುಟ್ಟ ಪದ್ಯ ಹೈಕುವಿನ ಲೆಕ್ಕ: ಸಾಲುಗಳಲ್ಲಿ 5, 7, 5 ಅಕ್ಷರ. ಜಪಾನಿಯಲ್ಲಿ ದೀರ್ಘ ಸ್ವರವನ್ನು ಎರಡು ಅಂತ ಎಣಿಸುತ್ತಾರೆ. ನಾನು ಆ ಗೋಜಿಗೆ ಹೋಗಿಲ್ಲ. ದೀರ್ಘ ಇರಲಿ, ಒತ್ತು ಇರಲಿ, ಅಕ್ಷರ ಒಂದೇ.

ಜಪಾನಿನ ಹಳೆ ಪಂಚಾಂಗದಲ್ಲಿ ವರ್ಷಕ್ಕೆ 72 ಪುಟ್ಟ ಋತುಗಳು, ಒಂದೊಂದೂ ಸುಮಾರು ಐದು ದಿನ. ಮೂಲ ಚೀನಾದ್ದು. 1685ರಲ್ಲಿ ಶಿಬುಕಾವ ಶುನ್‌ಕಾಯ್ ಎಂಬ ಖಗೋಳ ಪಂಡಿತರು ತಮ್ಮ ದೇಶದ ಹವೆಗೆ ಹೊಂದುವಂತೆ ಅದನ್ನು ತಿದ್ದಿದರು. ಇದನ್ನು ಓದಿದಾಗ ಅಜ್ಜಿ ಬೆರಳು ಮಡಚಿ ಎಣಿಸುತ್ತಿದ್ದ ಅಶ್ವಿನಿ, ಭರಣಿ, ಕೃತ್ತಿಕೆ ನೆನಪಾದವು. 13-14 ದಿನಕ್ಕೊಂದು ನಕ್ಷತ್ರ. ನನಗೆ ಬೇರೆ ಪಂಚಾಂಗ ಯಾಕೆ?

ಮೊದಲ ಜೂನ್‌ನಲ್ಲೇ ತಪ್ಪು ಮಾಡಿದೆ. ‘ಆರಿದ್ರೆ ಮಳೆ ಆರದೆ ಹುಯ್ಯುತ್ತೆ’ ಅನ್ನೋ ಗಾದೆ ತಲೆಯಲ್ಲಿತ್ತು. ಧೋ ಅನ್ನುವ ಮಳೆ, ಕಪ್ಪೆ, ಕೊಡೆ ಎಲ್ಲ ಹಾಕಿ ಬರೆದೆ. ಹೊರಗೆ ಬಂದರೆ ಅಂಗಳದಲ್ಲಿ ದೂಳು! ನಾನು ಬರೆದದ್ದು ಮಲೆನಾಡಿನ ಆರಿದ್ರೆ. ನಮ್ಮ ಕೋಲಾರದ ಕಡೆ ಜೋರು ಮಳೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್ ಅಲ್ವಾ? ಅದನ್ನು ಹೊಡೆದುಹಾಕಿ ದೊಡ್ಡಪ್ಪನ ಮನೆಗೆ ಹೋದೆ. ಪಡಸಾಲೆಯ ಮೂಲೆಯಲ್ಲಿ ರಾಗಿ ಚೀಲ, ಬಾಯಿಯ ಹೊಲಿಗೆ ದಾರ ಹಾಗೇ ಇತ್ತು. ಅಲ್ಲೇ ನಿಂತು ಬರೆದೆ:

ಆರಿದ್ರೆ ಬಂತು.
ಬಿತ್ತನೆ ರಾಗಿ ಚೀಲ
ಬಿಚ್ಚಿಲ್ಲ ಇನ್ನೂ.

ಇದರಲ್ಲಿ ಮಳೆ ಅನ್ನೋ ಮಾತಿಲ್ಲ. ಆದರೂ ಓದಿದವರು ಒಮ್ಮೆ ಆಕಾಶ ನೋಡುತ್ತಾರೆ ಅಂತ ನನ್ನ ನಂಬಿಕೆ.

ಅವತ್ತಿನಿಂದ ಒಂದೇ ಪಟ್ಟು. ಆ ಹದಿನಾಲ್ಕು ದಿನದಲ್ಲಿ ಕೈಗೆ ಸಿಕ್ಕಿದ್ದು, ಮೂಗಿಗೆ ಬಡಿದದ್ದು ಮಾತ್ರ ಬರೆಯುತ್ತೇನೆ. ಮಾವು ಹೂ ಬಿಟ್ಟರೆ ಸುಮ್ನೆ ಕೋಗಿಲೆ ಕಡೆಗೇ ಪೆನ್ನು ಓಡುತ್ತೆ. ತೋಪಿನೊಳಗೆ ಹೋಗಿ ಎಲೆ ಮುಟ್ಟಿದರೆ ಜಿಗಿಹುಳದ ಅಂಟು. ನನಗೆ ಬೇಕಾದ ಪದ ಆ ಅಂಟು. ಅವರೆ ಕಾಲದಲ್ಲಿ ಬರೆದದ್ದು ಇದು:

ತೊಳೆದ ಮೇಲೂ
ಅಮ್ಮನ ಬೆರಳಲ್ಲಿ
ಸೊಗಡವರೆ.

ಮೊದಲು ಇದರಲ್ಲಿ ‘ಘಮ’ ಅಂತಲೂ ಇತ್ತು. ಸೊಗಡು ಅಂದಮೇಲೆ ಘಮ ಜಾಸ್ತಿ ಅನ್ನಿಸಿತು, ತೆಗೆದೆ.

ಮೊನ್ನೆ ದೊಡ್ಡಪ್ಪನಿಗೆ ರಾಗಿ ಪದ್ಯ ಓದಿ ಹೇಳಿದೆ. “ಆ ವರ್ಷ ಪುಷ್ಯದಲ್ಲಿ ಬಿಚ್ಚಿದೆವಲ್ಲ, ಅದನ್ನೂ ಬರಿ” ಅಂದರು. ಮೂರು ದಿನ ಆಯಿತು. ಮಧ್ಯದ ಏಳು ಅಕ್ಷರ ಇನ್ನೂ ಕೂತಿಲ್ಲ.