ತಪ್ಪಲ ಪಲ್ಲೆ ವ್ಯಾಪಾರ: ಎಷ್ಟು ತರಬೇಕು, ಸಂಜೆತನಕ ಹೇಗೆ ಇಡಬೇಕು

ಹುಬ್ಬಳ್ಳಿಯ ನವನಗರ, ವಿದ್ಯಾನಗರದ ಓಣಿಗಳಲ್ಲಿ ಮೆಂತೆ, ಸಬ್ಬಸಗಿ, ರಾಜಗಿರಿಯನ್ನು ಮನೆಬಾಗಿಲಿಗೆ ಮುಟ್ಟಿಸುವವರು ತಳ್ಳುಗಾಡಿ, ಬುಟ್ಟಿಯವರು. ಒಂದೇ ಸೂಡು (ಕಟ್ಟು) ಬೇಕೆನ್ನುವ ಮನೆಗೂ ಅವರೇ ಆಧಾರ. ಈ ವ್ಯಾಪಾರದಲ್ಲಿ ಲುಕ್ಸಾನು ಹುಟ್ಟುವುದು ಬಹಳ ಸಲ ಉಳಿದ ಸೂಡಿನಲ್ಲಿ.

ಸವಾಲಿನಲ್ಲಿ (ಮಾರುಕಟ್ಟೆಯ ಹರಾಜಿನಲ್ಲಿ) ಸೂಡಿಗೆ ₹6 ಬಿತ್ತು, ಆಟೋಕ್ಕೆ ₹80 ಎಂದುಕೊಳ್ಳಿ. ನೂರು ಸೂಡು ತಂದರೆ ಖರ್ಚು ₹680. ಹತ್ತು ಕೆಟ್ಟವು, ಅರವತ್ತು ₹10ರಂತೆ ಹೋದವು, ಉಳಿದ ಮೂವತ್ತನ್ನು ಸಂಜೆ ₹5ಕ್ಕೆ ಕೊಟ್ಟಿರಿ. ಬಂದದ್ದು ₹750, ಲಾಭ ₹70. ಅದೇ ದಿನ ಎಪ್ಪತ್ತೇ ತಂದಿದ್ದರೆ ಖರ್ಚು ₹500. ಏಳು ಕೆಟ್ಟರೂ ಅರವತ್ತು ಪೂರ್ತಿ ದರಕ್ಕೆ, ಮೂರು ಅರ್ಧ ದರಕ್ಕೆ ಹೋಗಿ ₹615 ಬರುತ್ತದೆ, ಲಾಭ ₹115. ಹಾಗಾಗಿ ಅಗ್ಗ ಸಿಕ್ಕಿತೆಂದು ಹೆಚ್ಚು ಎತ್ತಬೇಡಿ. ಪೂರ್ತಿ ದರಕ್ಕೆ ಎಷ್ಟು ಹೋಯಿತು ಎಂದು ಒಂದು ವಾರ ದಿನಾ ಬರೆದಿಟ್ಟು, ಅದರ ಮೇಲೆ ಹತ್ತು ಸೂಡು ಮಾತ್ರ ಕೂಡಿಸಿ ತನ್ನಿ. ಸಂತೆಯ ದಿನ, ಹಬ್ಬದ ದಿನದ ಲೆಕ್ಕ ಬೇರೆಯೇ ಇರಲಿ.

ಕೊಳ್ಳುವಾಗ ಸೂಡಿನ ನಡುವೆ ಬೆರಳು ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ ಬಿಡಿ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತದೆ, ಬಿಗಿದು ಒಟ್ಟಿದಲ್ಲಿ ಆ ಶಾಖ ಹೊರಗೆ ಹೋಗದೆ ಎಲೆ ಹಳದಿಯಾಗುತ್ತದೆ. ಗಾಡಿಗೆ ಬಂದೊಡನೆ ಕಟ್ಟು ಸಡಿಲಿಸಿ, ಒದ್ದೆ ಗೋಣಿತಟ್ಟಿನ ಮೇಲೆ ಒಂದೇ ಪದರು ನಿಲ್ಲಿಸಿ. ಕೊತ್ತಂಬರಿಯ ಬೇರು ಕತ್ತರಿಸದೆ, ಎರಡು ಬೆರಳು ನೀರಿದ್ದ ತಟ್ಟೆಯಲ್ಲಿ ಇಡಿ. ಕುಡಿಯುವ ನೀರನ್ನೇ ಚಿಮುಕಿಸಿ, ಆದರೆ ತೋಯಿಸಬೇಡಿ. ನೀರು ಒಳಗೆ ನಿಂತರೆ ಮೊದಲು ಪಾಲಕ ಲೋಳೆಯಾಗುತ್ತದೆ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಹೊದಿಸಿದರೆ ಸೊಪ್ಪು ಬೆಂದಂತೆಯೇ. ಹಣ್ಣಾದ ಟೊಮೆಟೊ, ಬಾಳೆಹಣ್ಣನ್ನು ಪಕ್ಕಕ್ಕೆ ಇಡಬೇಡಿ, ಅವು ಬಿಡುವ ಎಥಿಲಿನ್ ಅನಿಲ ಎಲೆಯನ್ನು ಬೇಗ ಹಳದಿ ಮಾಡುತ್ತದೆ.

ಬಂಡವಾಳದ ಮಾತು. ಮುಂಜಾನೆ ₹500 ಕೊಟ್ಟು ಸಂಜೆ ₹550 ಕೇಳುವ ಸಾಲ ತಂದರೆ ಮೇಲಿನ ₹115ರಲ್ಲಿ ಉಳಿಯುವುದು ₹65. ಇಂಥ ಸಾಲ ಬೀದಿ ವ್ಯಾಪಾರಿಗಳ ದುಡಿಮೆಯನ್ನು ನುಂಗುತ್ತದೆ. ಬೀದಿ ವ್ಯಾಪಾರಿಗಳಿಗೆಂದು ಕೇಂದ್ರ ಸರಕಾರ 2020ರಲ್ಲಿ ಶುರು ಮಾಡಿದ ಪಿಎಂ ಸ್ವನಿಧಿ ಯೋಜನೆಯಲ್ಲಿ ಜಾಮೀನು ಇಲ್ಲದೆ ಸಾಲವಿದೆ: 2025ರ ಬದಲಾವಣೆಯ ನಂತರ ಮೊದಲು ₹15,000, ತೀರಿಸಿದರೆ ₹25,000, ಆಮೇಲೆ ₹50,000ದವರೆಗೆ. ಕಂತು ಸಕಾಲಕ್ಕೆ ಕಟ್ಟಿದರೆ 7% ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ.

ಇದಕ್ಕೆ ಪಾಲಿಕೆಯ ವ್ಯಾಪಾರ ಪ್ರಮಾಣಪತ್ರ, ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವತನಕ ಇದ್ದ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಸಮೀಕ್ಷೆಯವರು ಬಂದ ದಿನ ಗಾಡಿಯ ಹತ್ತಿರವೇ ಇರಿ, ಹೆಸರು ಬಿಟ್ಟುಹೋದರೆ ಪಟ್ಟಣ ವ್ಯಾಪಾರ ಸಮಿತಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ ಇರಬೇಕು.