ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ

ಸಂಗೀತ ಕಚೇರಿಯಲ್ಲಿ ನುಡಿಸುತ್ತಾ ಮರೆತು ಒದ್ದಾಡಿದ್ದನ್ನು ನಾವು ಪಿಯಾನೊದವರು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ನನಗೆ ಆದದ್ದನ್ನು ಹೇಳಿಬಿಡುತ್ತೇನೆ.

ಬೀತೊವೆನ್‌ನ ‘ಪತೇತಿಕ್’ ಸೊನಾಟಾ, ಮೊದಲ ಭಾಗ. ಹತ್ತು ವರ್ಷದಿಂದ ನುಡಿಸುತ್ತಿದ್ದ ಕೃತಿ. ಅದರ ಎರಡನೆಯ ಥೀಮ್‌ನಲ್ಲಿ, ಅಂದರೆ ಎರಡನೆಯ ಮುಖ್ಯ ಧಾಟಿಯಲ್ಲಿ, ಬಲಗೈ ಎಡಗೈಯನ್ನು ದಾಟಿ ಕೆಳಗಿನ ಸ್ವರ ಮುಟ್ಟಿ, ಮತ್ತೆ ಮೇಲಕ್ಕೆ ಹಾರುತ್ತಿರಬೇಕು. ಮೊದಲ ಸಲ ಇದು ಬರುವುದು ಇ ಫ್ಲ್ಯಾಟ್ ಮೈನರ್ ಅನ್ನುವ ಶ್ರುತಿಯಲ್ಲಿ, ಕೊನೆಯ ಕಡೆ ಮತ್ತೆ ಬರುವಾಗ ಎಫ್ ಮೈನರ್‌ನಲ್ಲಿ. ಕೈಗೆ ಎರಡೂ ಒಂದೇ ಆಟ. ಅವತ್ತು ಕೊನೆಯ ಕಡೆ ನನ್ನ ಕೈ ಹಳೇ ದಾರಿ ಹಿಡಿಯಿತು. ಹಾಗೇ ಹೋಗಿದ್ದರೆ ನುಡಿಸಿದ್ದನ್ನೇ ಪೂರ್ತಿ ಇನ್ನೊಮ್ಮೆ ನುಡಿಸಬೇಕಿತ್ತು! ಪೆಡಲ್ ಒತ್ತಿ ಹಿಡಿದು, ಮುಗಿಯುವ ಮುಂಚೆ ಬರುವ ಆ ನಿಧಾನದ ‘ಗ್ರಾವೆ’ ಭಾಗಕ್ಕೆ ಹಾರಿದೆ. ಚಪ್ಪಾಳೆ ಬಿತ್ತು. ನನ್ನ ಬೆನ್ನು ಮಾತ್ರ ಒದ್ದೆ.

ಹೀಗೇಕಾಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಪಾಠ ಹೇಳುವಾಗ. ಕಚೇರಿಗಳು ತಿಂಗಳು ತಿಂಗಳು ಬರುವುದಿಲ್ಲ, ಪಾಠದ ದುಡ್ಡಿನಲ್ಲೇ ಮನೆ ನಡೆಯಬೇಕು. ನನ್ನ ಸಾಧನೆಯ ಹೊತ್ತನ್ನೆಲ್ಲ ಪಾಠವೇ ತಿನ್ನುತ್ತಿದೆ ಅಂತ ಗೊಣಗುತ್ತಿದ್ದೆ. ಒಬ್ಬ ಹುಡುಗ ಎಲ್ಲಿ ತಪ್ಪಿದರೂ ಮೊದಲಿಗೇ ಓಡುತ್ತಿದ್ದ. ‘ಅಲ್ಲಿಂದಲೇ ಶುರು ಮಾಡಪ್ಪಾ’ ಅಂದರೆ, ‘ಮೊದಲಿಂದ ಬಂದ್ರೆ ಮಾತ್ರ ಬರುತ್ತೆ, ಮಿಸ್’ ಅಂದ. ಏಳೆಂಟಲೆಷ್ಟು ಅಂದರೆ ಏಳೊಂದ್ಲಿಂದ ಮಗ್ಗಿ ಹೇಳಿಕೊಂಡು ಬರುತ್ತಾರಲ್ಲ, ಹಾಗೆ. ಅವನನ್ನು ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನಾನೂ ಅದೇ ತಾನೇ?

ಅವತ್ತಿನಿಂದ ಸ್ವರಲಿಪಿಯ ಮೇಲೆ ಪೆನ್ಸಿಲಿನಲ್ಲಿ ನಂಬರ್ ಹಾಕತೊಡಗಿದೆ. ಸಂಗೀತದ ಹೊಸ ವಾಕ್ಯ ಶುರುವಾಗುವಲ್ಲೆಲ್ಲ ಒಂದು ನಿಲ್ದಾಣ. ಕೊನೆಯ ನಿಲ್ದಾಣ ಮೊದಲು ಕಲಿಯುವುದು, ಆಮೇಲೆ ಅದರ ಹಿಂದಿನದು. ದಾರಿ ಕವಲಾಗುವ ಜಾಗ ಎರಡನ್ನೂ ಬೆನ್ನಿಗೆ ಬೆನ್ನು ನುಡಿಸಿ, ಯಾವ ಸ್ವರಗುಚ್ಛದಲ್ಲಿ (ಕಾರ್ಡ್) ಬೇರೆಯಾದವು ಅಂತ ಬಾಯಲ್ಲಿ ಹೇಳುವುದು. ಪುಸ್ತಕ ನೋಡದೆ ಎಡಗೈ ಒಂದನ್ನೇ ನುಡಿಸುವುದು ಇದ್ದದ್ದರಲ್ಲೇ ಕಷ್ಟ. ಅದಕ್ಕಿಂತ ಕಷ್ಟ, ಅರ್ಧ ವೇಗದಲ್ಲಿ ನುಡಿಸುವುದು. ಜೋರಾಗಿ ಹೋಗುವಾಗ ಬೆರಳೇ ಎಳೆದುಕೊಂಡು ಹೋಗುತ್ತದೆ. ನಿಧಾನ ಮಾಡಿದರೆ ತಲೆಯಲ್ಲಿ ಏನಿಲ್ಲ ಅನ್ನುವುದು ಬಯಲಾಗುತ್ತದೆ. ಕಚೇರಿಯ ಹಿಂದಿನ ದಿನ ಮಾತ್ರ ಈ ಪರೀಕ್ಷೆ ಬೇಡ, ಸುಮ್ನೆ ಭಯ ಜಾಸ್ತಿಯಾಗುತ್ತದೆ.

ಪುಸ್ತಕ ನೋಡದೆ ನುಡಿಸುವುದು 19ನೇ ಶತಮಾನದಲ್ಲಿ ಕ್ಲಾರಾ ಶೂಮನ್, ಲಿಸ್ಟ್ ಅಂಥ ಪಿಯಾನೊ ವಾದಕರಿಂದ ಬೆಳೆದ ರೂಢಿ. ಸೋವಿಯತ್ ಪಿಯಾನೊ ವಾದಕ ರಿಕ್ಟರ್ ಅಂಥ ದೊಡ್ಡ ಕಲಾವಿದರೇ ಕೊನೆಯ ವರ್ಷಗಳಲ್ಲಿ ಪುಸ್ತಕ ಎದುರಿಗಿಟ್ಟುಕೊಂಡು ನುಡಿಸಿದರು. ಅದರಲ್ಲಿ ನಾಚಿಕೆ ಏನೂ ಇಲ್ಲ. ನನಗಿನ್ನೂ ಆ ಧೈರ್ಯ ಬಂದಿಲ್ಲ, ಅಷ್ಟೇ.

ಈಗ ಪಾಠದ ಕೊನೆಯ ಐದು ನಿಮಿಷ ಆ ಹುಡುಗನೇ ನನ್ನನ್ನು ಪರೀಕ್ಷೆ ಮಾಡುತ್ತಾನೆ. ನನ್ನ ಪುಸ್ತಕ ಹಿಡಿದು ಬಾಯಿಗೆ ಬಂದ ನಂಬರ್ ಕೂಗುತ್ತಾನೆ. ಹೋದ ವಾರ ‘14’ ಅಂದ. ಎರಡು ಬಾರ್ (ತಾಳದ ಎರಡು ಸುತ್ತು) ನುಡಿಸಿದೆ. ‘ಮಿಸ್, ಅದು 6’ ಅಂದ.